ಕೈರೋದಿಂದ ಹೊರಟ ಹೆಜ್ಜೆಗಳು

ಮಗಳು ವೇದಿಕೆ ಹತ್ತಿ ಕುಣಿಯುತ್ತೇನೆ ಎಂದರೆ ಅಪ್ಪನಾದವನು ಏನು ಹೇಳಬೇಕು?

1950ರ ದಶಕದ ಕೈರೋ ನಗರದ ಮರ್ಯಾದಸ್ಥ ಮನೆಗಳಲ್ಲಿ ಈ ಪ್ರಶ್ನೆಗೆ ಇದ್ದದ್ದು ಒಂದೇ ಉತ್ತರ. ಮದುವೆ ಮನೆಯಲ್ಲಿ, ನೆಂಟರಿಷ್ಟರ ನಡುವೆ ಹೆಂಗಸರು ಸೊಂಟಕ್ಕೊಂದು ವಸ್ತ್ರ ಬಿಗಿದು ಕುಣಿದರೆ ಎಲ್ಲರಿಗೂ ಸಂತೋಷ. ಅದೇ ಕುಣಿತಕ್ಕೆ ಟಿಕೆಟ್ ಇಟ್ಟರೆ ಅವಮಾನ. ಈ ಗೆರೆಯನ್ನು ದಾಟಲು ಮಗಳಿಗೆ ಅನುಮತಿ ಕೊಟ್ಟದ್ದಲ್ಲದೆ, ತಾವೂ ಅವಳೊಡನೆ ದಾಟಿ ನಿಂತ ಒಬ್ಬ ತಂದೆಯಿದ್ದರು. ಹೆಸರು ಹಸನ್ ಫಹ್ಮಿ. ಕೈರೋ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಮಗಳ ಹೆಸರು ಫರೀದಾ. 1959ರ ಆಗಸ್ಟ್‌ನಲ್ಲಿ ಕೈರೋದ ಎಜ್ಬೆಕಿಯಾ ರಂಗಮಂದಿರದಲ್ಲಿ ‘ರೆದಾ ತಂಡ’ ತನ್ನ ಮೊದಲ ಪ್ರದರ್ಶನ ನೀಡಿದಾಗ ಅದರ ಮುಖ್ಯ ನರ್ತಕಿ ಈಕೆಯೇ. ವಯಸ್ಸು ಇಪ್ಪತ್ತರ ಆಸುಪಾಸು.

ಇಂದು ಜಪಾನಿನಿಂದ ಬ್ರೆಜಿಲ್‌ವರೆಗೆ, ಫಿನ್ಲೆಂಡಿನಿಂದ ಅರ್ಜೆಂಟೀನಾದವರೆಗೆ ‘ಬೆಲ್ಲಿ ಡ್ಯಾನ್ಸ್’ ಕಲಿಸುವ ಶಾಲೆಗಳಿವೆ. ಬೆಂಗಳೂರು, ಮುಂಬೈ, ದೆಹಲಿಗಳಲ್ಲೂ ಇವೆ. ವಾರದ ಕೊನೆಗೆ ವಿಮಾನ ಹತ್ತಿ, ಗೊತ್ತಿಲ್ಲದ ಊರಿನಲ್ಲಿ ಇಳಿದು, ಎರಡು ದಿನ ಪಾಠ ಹೇಳಿ, ಒಂದು ರಾತ್ರಿ ಕುಣಿದು ಮತ್ತೆ ವಿಮಾನ ಹತ್ತುವ ಅಲೆಮಾರಿ ಗುರುಗಳಿದ್ದಾರೆ. ಹೊಟ್ಟೆಯ ಕುಣಿತವೇ ಅವರಿಗೆ ಹೊಟ್ಟೆಪಾಡು. ಅವರಲ್ಲಿ ಅನೇಕರ ಗುರುಪರಂಪರೆಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ ದಾರಿ ಬಂದು ನಿಲ್ಲುವುದು ಪ್ರಾಧ್ಯಾಪಕ ಫಹ್ಮಿಯವರ ಮನೆಬಾಗಿಲಿಗೆ.

ಹೆಸರಿನಿಂದಲೇ ಕೆಟ್ಟಿತು

ನಮ್ಮಲ್ಲಿ ಈ ನೃತ್ಯದ ಪರಿಚಯವಾದದ್ದು ಹಿಂದಿ ಸಿನಿಮಾದಿಂದ. 1975ರ ‘ಶೋಲೆ’ಯಲ್ಲಿ ಗಬ್ಬರ್ ಸಿಂಗ್‌ನ ಬೀಡಿನಲ್ಲಿ ಹೆಲೆನ್ ಕುಣಿದದ್ದನ್ನು ನೋಡಿದವರಿಗೆ ಬೆಲ್ಲಿ ಡ್ಯಾನ್ಸ್ ಎಂದರೆ ಕಳ್ಳರ ಗುಹೆ, ಬೆಂಕಿ, ಹೆಂಡ. ಮಗಳು ಇದನ್ನು ಕಲಿಯುತ್ತೇನೆಂದರೆ ತಾಯಿಯ ಮುಖ ಗಂಟಿಕ್ಕುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಅರಬ್ಬೀ ಭಾಷೆಯಲ್ಲಿ ಇದರ ಹೆಸರಿನಲ್ಲಿ ಹೊಟ್ಟೆಯೇ ಇಲ್ಲ. ಅಲ್ಲಿ ಇದು ‘ರಕ್ಸ್ ಶರ್ಕಿ’, ಅಂದರೆ ಪೂರ್ವದ ನೃತ್ಯ. ಮನೆ, ಬೀದಿ, ಹಳ್ಳಿಯ ಮದುವೆಗಳಲ್ಲಿ ಕುಣಿಯುವ ರೂಪಕ್ಕೆ ‘ಬಲದಿ’ ಎನ್ನುತ್ತಾರೆ; ಊರಿನದು, ನಾಡಿನದು ಎಂದು ಅರ್ಥ. ಹೊಟ್ಟೆಯನ್ನು ಹೆಸರಿಗೆ ಅಂಟಿಸಿದವರು ಫ್ರೆಂಚರು. ಅದನ್ನು ಇಂಗ್ಲಿಷಿಗೆ ತಂದು ಜನಪ್ರಿಯಗೊಳಿಸಿದ ಕೀರ್ತಿ ಸೋಲ್ ಬ್ಲೂಮ್ ಎಂಬ ಅಮೆರಿಕದ ಚತುರ ವ್ಯಾಪಾರಿಗೆ ಸಲ್ಲುತ್ತದೆ. 1893ರ ಷಿಕಾಗೋ ವಿಶ್ವ ಮೇಳದ ಮನರಂಜನಾ ವಿಭಾಗ ಈತನ ಉಸ್ತುವಾರಿಯಲ್ಲಿತ್ತು. (ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಇದೇ ಮೇಳದ ಅಂಗವಾಗಿ!) ಅಲ್ಲಿ ‘ಕೈರೋ ಬೀದಿ’ ಎಂಬ ನಕಲು ಬೀದಿಯನ್ನೇ ಕಟ್ಟಲಾಗಿತ್ತು. ಹೊಟ್ಟೆಯ ಹೆಸರು ಹೇಳಿದರೆ ಜನ ಮುಗಿಬೀಳುತ್ತಾರೆಂದು ಬ್ಲೂಮ್‌ಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ಆತ ಅಮೆರಿಕದ ಸಂಸತ್ ಸದಸ್ಯನೂ ಆದ. ಹೆಸರು ಮಾತ್ರ ನರ್ತಕಿಯರ ಬೆನ್ನಿಗೆ ಅಂಟಿಕೊಂಡೇ ಉಳಿಯಿತು.

ತವರಿನಲ್ಲೂ ಅವರ ಸ್ಥಿತಿ ಉತ್ತಮವಾಗಿರಲಿಲ್ಲ. ‘ಘವಾಜಿ’ ಎಂಬ ವೃತ್ತಿ ನರ್ತಕಿಯರನ್ನು 1834ರಲ್ಲಿ ಈಜಿಪ್ಟಿನ ದೊರೆ ಮಹಮ್ಮದ್ ಅಲಿ ರಾಜಧಾನಿಯಿಂದಲೇ ಹೊರದಬ್ಬಿ ದಕ್ಷಿಣದ ಊರುಗಳಿಗೆ ಅಟ್ಟಿದ. 1926ರಲ್ಲಿ ಬದಿಯಾ ಮಸಾಬ್ನಿ ಎಂಬಾಕೆ ಕೈರೋದಲ್ಲಿ ತನ್ನದೇ ರಂಗಮಂದಿರ ತೆರೆದ ಮೇಲೆ ನೃತ್ಯಕ್ಕೆ ದೀಪ, ವಾದ್ಯವೃಂದ, ಮಣಿಗಳ ಪೋಷಾಕು ಎಲ್ಲವೂ ಬಂದವು. ಸಾಮಿಯಾ ಗಮಾಲ್, ತಹಿಯಾ ಕಾರಿಯೋಕಾ ಅವರಂಥ ತಾರೆಯರು ಅಲ್ಲಿಂದಲೇ ಹೊರಟು ಅರಬ್ಬೀ ಸಿನಿಮಾ ಆಳಿದರು. ಹಣ ಬಂತು, ಹೆಸರು ಬಂತು. ಮರ್ಯಾದೆಯೊಂದು ಬರಲಿಲ್ಲ. ಮೈಸೂರಿನ ಜಟ್ಟಿ ತಾಯಮ್ಮ, ವೆಂಕಟಲಕ್ಷಮ್ಮನವರ ಕಾಲದಲ್ಲಿ ನಮ್ಮ ನೃತ್ಯವೂ ಇಂಥದೇ ಕಳಂಕವನ್ನು ಹೊತ್ತು ನಿಂತಿತ್ತೆಂಬುದು ಬಲ್ಲವರಿಗೆ ಗೊತ್ತು.

ಜಿಮ್ನಾಸ್ಟ್ ನೃತ್ಯಗಾರನಾದ

ಈ ಹಿನ್ನೆಲೆಯಲ್ಲಿ ಬಂದವರು ಮಹಮೂದ್ ರೆದಾ. 1930ರಲ್ಲಿ ಹುಟ್ಟಿದ ಈತ ಮೊದಲಿಗೆ ಜಿಮ್ನಾಸ್ಟ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಈಜಿಪ್ಟನ್ನು ಪ್ರತಿನಿಧಿಸಿದವರು. ಅಮೆರಿಕದ ಸಿನಿಮಾಗಳಲ್ಲಿ ಜೀನ್ ಕೆಲಿ, ಫ್ರೆಡ್ ಆಸ್ಟೇರ್ ಕುಣಿಯುವುದನ್ನು ಕಂಡು ಹುಚ್ಚು ಹಿಡಿಸಿಕೊಂಡಿದ್ದರು. ಅರ್ಜೆಂಟೀನಾದ ನೃತ್ಯ ತಂಡವೊಂದು ಈಜಿಪ್ಟಿಗೆ ಬಂದಾಗ ಅದರೊಡನೆ ಸೇರಿ ಯೂರೋಪ್ ಸುತ್ತಿದರು. ಬೇರೆಯವರ ನಾಡಿನ ಹೆಜ್ಜೆಗಳನ್ನು ಕುಣಿಯುತ್ತ ಊರೂರು ತಿರುಗುವಾಗ ಅವರನ್ನು ಕಾಡಿದ್ದು ಸರಳ ಪ್ರಶ್ನೆ: ನಮ್ಮ ನಾಡಿನ ಹೆಜ್ಜೆಗಳನ್ನು ಹೀಗೆ ಹೊತ್ತು ತಿರುಗುವವರು ಯಾರು?

ಊರಿಗೆ ಮರಳಿ ತಂಡ ಕಟ್ಟಲು ಹೊರಟಾಗ ಎದುರಾದದ್ದು ಹಣದ ತೊಂದರೆಯಷ್ಟೇ ಅಲ್ಲ. ಗೌರವಸ್ಥ ಮನೆಗಳ ಹುಡುಗಿಯರು ಬರಬೇಕಲ್ಲ? ಅಣ್ಣ ಅಲಿ ರೆದಾ ಜೊತೆಗಿದ್ದ. ಹಸನ್ ಫಹ್ಮಿಯವರ ಹಿರಿಯ ಮಗಳು ನದೀದಾ ಮಹಮೂದ್ ರೆದಾ ಅವರ ಹೆಂಡತಿ. ಆಕೆ ಪೋಷಾಕುಗಳ ಕೆಲಸ ವಹಿಸಿಕೊಂಡಳು. ಕಿರಿಯ ಮಗಳು ಫರೀದಾ ನರ್ತಕಿಯಾದಳು. ಮುಂದೆ ಅಲಿಯನ್ನು ಮದುವೆಯಾದಳು. ಒಂದು ಮನೆಯ ಇಬ್ಬರು ಅಣ್ಣತಮ್ಮಂದಿರು, ಇನ್ನೊಂದು ಮನೆಯ ಇಬ್ಬರು ಅಕ್ಕತಂಗಿಯರು, ಬೆನ್ನಿಗೆ ಒಬ್ಬ ಪ್ರಾಧ್ಯಾಪಕರು. ರೆದಾ ತಂಡವೆಂದರೆ ಮೊದಲಿಗೆ ಇಷ್ಟೇ ಎನ್ನಲಡ್ಡಿಯಿಲ್ಲ. ತಂಡ ಶುರುವಾದ ಸ್ವಲ್ಪ ಸಮಯದಲ್ಲೇ ನದೀದಾ ತೀರಿಕೊಂಡಳು. ತಂಡ ನಿಲ್ಲಲಿಲ್ಲ.

ಪ್ರಾಧ್ಯಾಪಕರ ಮಗಳೇ ಕುಣಿಯುತ್ತಿದ್ದಾಳೆಂದ ಮೇಲೆ ಉಳಿದ ಮನೆಗಳ ಬಾಗಿಲೂ ಒಂದೊಂದಾಗಿ ತೆರೆದವು. ಕಾಲೇಜು ಓದುತ್ತಿದ್ದ ಹುಡುಗ ಹುಡುಗಿಯರು ಬಂದರು. ಫರೀದಾ ಕೂಡ ಓದು ಬಿಡಲಿಲ್ಲ. ಕುಣಿಯುತ್ತಲೇ ಕೈರೋ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಪದವಿ ಪಡೆದಳು. 1961ರಲ್ಲಿ ಸರ್ಕಾರವೇ ತಂಡವನ್ನು ತನ್ನದಾಗಿಸಿಕೊಂಡಿತು. ಅಲಿ ರೆದಾ ನಿರ್ದೇಶನದಲ್ಲಿ 1962ರಲ್ಲೊಂದು, 1967ರಲ್ಲೊಂದು ಸಿನಿಮಾ ಬಂದವು. ಎರಡನೆಯದು ‘ಘರಾಮ್ ಫಿಲ್ ಕರ್ನಾಕ್’. ಲಕ್ಸರ್‌ನ ಪುರಾತನ ದೇಗುಲಗಳ ಕಂಬಗಳ ನಡುವೆ ತಂಡ ಕುಣಿದ ಆ ಚಿತ್ರವನ್ನು ಈಜಿಪ್ಟಿನ ಜನ ಇಂದಿಗೂ ಮರೆತಿಲ್ಲ.

ರೆದಾ ಮಾಡಿದ್ದಾದರೂ ಏನು? ನೈಟ್‌ಕ್ಲಬ್ಬಿನ ನರ್ತಕಿ ಮೇಜುಗಳ ನಡುವಿನ ಚಿಕ್ಕ ಜಾಗದಲ್ಲಿ ನಿಂತು ಕುಣಿಯಬೇಕಿತ್ತು. ರೆದಾ ಅದೇ ಸೊಂಟದ ಚಲನೆಯನ್ನು ನಡೆಯಿಸಿದರು, ದೊಡ್ಡ ವೇದಿಕೆಯ ಈ ತುದಿಯಿಂದ ಆ ತುದಿಗೆ ಸಾಗಿಸಿದರು. ಬ್ಯಾಲೆಯಿಂದ ನೆಟ್ಟಗೆ ನಿಲ್ಲುವ ಬೆನ್ನನ್ನೂ ತೋಳಿನ ಬಾಗುವಿಕೆಯನ್ನೂ ತಂದರು. ಹಳ್ಳಿಹಳ್ಳಿ ಸುತ್ತಿ ನೀರು ಹೊರುವ ಹೆಂಗಸರ ನಡಿಗೆಯನ್ನು, ದಕ್ಷಿಣ ಈಜಿಪ್ಟಿನ ದೊಣ್ಣೆವರಸೆಯನ್ನು ನೋಡಿ ಬಂದರು. (‘ತಹತೀಬ್’ ಎಂಬ ಆ ದೊಣ್ಣೆವರಸೆ 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.) ಪೋಷಾಕು ಮೈತುಂಬ. ತಮ್ಮದು ಬೆಲ್ಲಿ ಡ್ಯಾನ್ಸ್ ಅಲ್ಲ, ಜಾನಪದದಿಂದ ಹುಟ್ಟಿದ ರಂಗನೃತ್ಯ ಎಂಬುದು ಅವರ ನಿಲುವು. ಮಾತು ಸರಿಯೇ. ಆದರೂ ಜಗತ್ತಿನ ಬೆಲ್ಲಿ ಡ್ಯಾನ್ಸ್ ತರಗತಿಗಳಲ್ಲಿ ಇಂದು ಕಲಿಸುವ ಎಷ್ಟೋ ಹೆಜ್ಜೆಗಳು ಅವರ ತಂಡದ ಅಭ್ಯಾಸದ ಕೋಣೆಯಿಂದ ಬಂದಂಥವು. ಪೂರ್ವಜನೆಂದು ಒಪ್ಪಿಕೊಳ್ಳದಿದ್ದರೂ ಮೊಮ್ಮಕ್ಕಳ ಮುಖದಲ್ಲಿ ಹೋಲಿಕೆ ಕಾಣುತ್ತದಲ್ಲ, ಹಾಗೆ.

ಹೆಜ್ಜೆಗೆ ಹೆಸರೇನು?

ತಂಡ ಪ್ಯಾರಿಸ್, ಲಂಡನ್, ಮಾಸ್ಕೋ, ನ್ಯೂಯಾರ್ಕ್ ಎಂದೆಲ್ಲ ಪ್ರವಾಸ ಮಾಡಿತು. ಮುಂದೆ ಅದರ ಸದಸ್ಯರೇ ಒಬ್ಬೊಬ್ಬರಾಗಿ ಹೊರಟರು. ಸ್ಥಾಪಕ ಸದಸ್ಯರಲ್ಲೊಬ್ಬರಾದ ಮೊ ಗೆದ್ದಾವಿ ಜರ್ಮನಿಯಲ್ಲಿ ನೆಲೆಸಿ ಯೂರೋಪಿನ ಊರೂರುಗಳಲ್ಲಿ ಪಾಠ ಹೇಳಿದರು. ರೆದಾ ಅವರೇ ತಂಡದ ಹೊಣೆ ಬಿಟ್ಟ ಮೇಲೆ ಯೂರೋಪ್, ಅಮೆರಿಕ, ಜಪಾನ್‌ಗಳಲ್ಲಿ ಕಾರ್ಯಾಗಾರ ನಡೆಸುತ್ತ ತಿರುಗಿದರು. ಎಂಬತ್ತು ದಾಟಿದ ಮೇಲೂ ತಿರುಗಾಟ ನಿಂತಿರಲಿಲ್ಲ.

ಹೀಗೆ ಹೊರಟವರಿಗೆ ಪರದೇಶದಲ್ಲಿ ಎದುರಾದ ಮೊದಲ ತೊಡಕು ಭಾಷೆಯದಲ್ಲ, ಎಣಿಕೆಯದು. ಕೈರೋದ ಹುಡುಗಿ ಈ ನೃತ್ಯವನ್ನು ಯಾರಿಂದಲೂ ‘ಕಲಿತಿರುವುದಿಲ್ಲ’. ಅಮ್ಮ, ಚಿಕ್ಕಮ್ಮ ಕುಣಿಯುವುದನ್ನು ನೋಡಿ ನೋಡಿ ಮೈಗೆ ಬಂದದ್ದು. ಹೆಜ್ಜೆಗಳಿಗೆ ಹೆಸರಿಲ್ಲ, ಅಡವುಗಳ ಪಟ್ಟಿಯಿಲ್ಲ. ಬರ್ಲಿನ್ನಿನ, ಟೋಕಿಯೋದ ವಿದ್ಯಾರ್ಥಿನಿ ಕನ್ನಡಿಯ ಮುಂದೆ ನಿಂತು ಕೇಳುತ್ತಾಳೆ: ಇದರ ಹೆಸರೇನು? ಎಷ್ಟು ಎಣಿಕೆ? ಬಲಗಾಲೋ ಎಡಗಾಲೋ? ‘ನನ್ನನ್ನು ನೋಡಿ ಮಾಡಿ’ ಎಂದಷ್ಟೇ ಹೇಳಬಲ್ಲ ಗುರು ಅಲ್ಲಿ ಸೋಲುತ್ತಾನೆ.

ಈ ಕೊರತೆಯನ್ನು ಅಮೆರಿಕದಲ್ಲಿ ತುಂಬಲು ಯತ್ನಿಸಿದವರು ಜಮೀಲಾ ಸಲೀಂಪೂರ್. ಯೌವನದಲ್ಲಿ ಸರ್ಕಸ್‌ನಲ್ಲಿ ಕೆಲಸ ಮಾಡಿದ್ದ ಈಕೆ ಸ್ಯಾನ್‌ಫ್ರಾನ್ಸಿಸ್ಕೋ ಪ್ರದೇಶದಲ್ಲಿ ಪಾಠ ಹೇಳುತ್ತ ಒಂದೊಂದು ಚಲನೆಗೂ ಹೆಸರಿಟ್ಟು ವರ್ಗೀಕರಿಸಿದರು. 1968ರಲ್ಲಿ ‘ಬಾಲ್ ಅನಾತ್’ ಎಂಬ ತಂಡ ಕಟ್ಟಿದರು. ಅಸಲಿ ಈಜಿಪ್ಟ್ ಶೈಲಿ ಅದಲ್ಲವೆಂದು ಮೂಗು ಮುರಿಯುವವರು ಈಗಲೂ ಇದ್ದಾರೆ. ಆದರೆ ಹೆಸರಿದ್ದದ್ದನ್ನು ಕಲಿಸಬಹುದು, ತಿದ್ದಬಹುದು, ಇನ್ನೊಂದು ಊರಿಗೆ ಸಾಗಿಸಬಹುದು. ಅಷ್ಟಂತೂ ಆಯಿತು.

ಕಲಿಯಬೇಕಾದ್ದು ಕಡಿಮೆಯೇನಿಲ್ಲ. ಮೊದಲನೆಯದು ಬಿಡಿಸುವಿಕೆ: ಎದೆಗೂಡು ನಿಶ್ಚಲವಾಗಿರುವಾಗ ಸೊಂಟವೊಂದೇ ಚಲಿಸಬೇಕು, ಸೊಂಟ ನಿಂತಾಗ ಎದೆಗೂಡು. ಸೊಂಟ ಗಾಳಿಯಲ್ಲಿ ಎಂಟರ ಅಂಕಿ ಬರೆಯಬೇಕು. ನೋಡುವವರಿಗೆ ಸೊಂಟವೇ ನಡುಗಿದಂತೆ ಕಾಣುವ ‘ಶಿಮಿ’ ಹುಟ್ಟುವುದು ಮೊಣಕಾಲುಗಳಲ್ಲಿ; ಅವು ಒಂದಾದ ಮೇಲೊಂದು ಬೇಗಬೇಗ ಮಡಚಿ ಬಿಚ್ಚುತ್ತವೆ. ಬೆನ್ನಿನ ಕೆಳಭಾಗವನ್ನು ಹಿಂದಕ್ಕೆ ಬಗ್ಗಿಸಿ ಮೊಣಕಾಲು ಬಿಗಿಹಿಡಿದು ಕುಣಿದರೆ ಕೆಲವೇ ವರ್ಷಗಳಲ್ಲಿ ಸೊಂಟನೋವು ಖಚಿತ. ಜೊತೆಗೆ ಹೆಬ್ಬೆರಳು, ನಡುಬೆರಳುಗಳಿಗೆ ತೊಟ್ಟ ಹಿತ್ತಾಳೆಯ ಪುಟ್ಟ ತಾಳಗಳನ್ನು ನುಡಿಸಬೇಕು. ‘ಮಕ್ಸೂಮ್’ ಎಂಬುದು ಅಲ್ಲಿನ ಅತಿ ಸಾಮಾನ್ಯ ನಡೆ: ದುಂ ತೆಕ್, ತೆಕ್ ದುಂ, ತೆಕ್. ಮೊದಲೆರಡು ಪೆಟ್ಟು ದುಂ ದುಂ ಆದರೆ ಅದೇ ‘ಬಲದಿ’. ಒಂದು ಪೆಟ್ಟಿನ ವ್ಯತ್ಯಾಸ, ಊರೇ ಬೇರೆ. ಮೃದಂಗದ ಪಾಠ ಕೇಳಿದವರಿಗೆ ಇದು ಬೇಗ ಹಿಡಿಸುತ್ತದೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ

ಅಲೆಮಾರಿ ಗುರುವಿನ ದಿನಚರಿ ಹೊರಗಿನಿಂದ ಕಂಡಷ್ಟು ಬಣ್ಣದ್ದಲ್ಲ. ಒಂದು ಊರಿನಲ್ಲಿ ಶಾಲೆ ನಡೆಸುವವರೊಬ್ಬರು ಆತಿಥೇಯರಾಗುತ್ತಾರೆ. ವಿಮಾನದ ಟಿಕೆಟ್, ಉಳಿಯುವ ವ್ಯವಸ್ಥೆ, ಇಷ್ಟು ಗಂಟೆಗೆ ಇಷ್ಟು ಸಂಭಾವನೆ ಎಂದು ಮೊದಲೇ ಮಾತಾಗುತ್ತದೆ. ಅಥವಾ, ಬಂದ ವಿದ್ಯಾರ್ಥಿಗಳ ಶುಲ್ಕದಲ್ಲಿ ಪಾಲು. ಎರಡನೆಯ ಒಪ್ಪಂದದಲ್ಲಿ ಮಳೆ ಬಂದರೂ ನಷ್ಟ, ಪಕ್ಕದ ಊರಿನಲ್ಲಿ ಇನ್ನೊಬ್ಬ ಗುರು ಬಂದರೂ ನಷ್ಟ. ಶನಿವಾರ ಬೆಳಿಗ್ಗೆ ಬಾಡಿಗೆಯ ಜಿಮ್ನೇಷಿಯಂನಲ್ಲಿ ಪಾಠ ಆರಂಭ. ಎರಡೆರಡು ಗಂಟೆಯ ಅವಧಿಗಳು. ಸಂಜೆ ಅದೇ ದಣಿದ ಕಾಲುಗಳಲ್ಲಿ ಪ್ರದರ್ಶನ. ಭಾನುವಾರ ಮತ್ತೆ ಪಾಠ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಮ್ಮ ಗಾದೆ ಗೇಲಿ ಮಾಡುತ್ತದೆ. ಈ ಕಸುಬಿನಲ್ಲಿ ನೆಲ ನಿಜವಾಗಿಯೂ ಡೊಂಕು! ಒಂದು ಕಡೆ ಮರದ ಹಾಸು, ಇನ್ನೊಂದು ಕಡೆ ಕಾಂಕ್ರೀಟಿನ ಮೇಲೆ ಬರೀ ರಬ್ಬರು, ಮತ್ತೊಂದು ಕಡೆ ಹೋಟೆಲಿನ ರತ್ನಗಂಬಳಿ. ಬರಿಗಾಲಿನವರ ಮೊಣಕಾಲು ಇದರ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುತ್ತದೆ.

ಮಣಿ ಪೋಣಿಸಿದ ಪೋಷಾಕನ್ನು ಅನುಭವಸ್ಥರು ವಿಮಾನದ ಹೊಟ್ಟೆಗೆ ಹಾಕುವುದಿಲ್ಲ, ಕೈಚೀಲದಲ್ಲೇ ಒಯ್ಯುತ್ತಾರೆ. ಪೆಟ್ಟಿಗೆ ಕಳೆದುಹೋದರೆ ಪಾಠ ಹೇಳಬಹುದು, ಪ್ರದರ್ಶನ ಕೊಡಲಾಗದು. ದೊಡ್ಡ ಪೆಟ್ಟಿಗೆಯಲ್ಲಿ ಕೈರೋದ ಖಾನ್ ಎಲ್ ಖಲೀಲಿ ಪೇಟೆಯಿಂದ ತಂದ ಸೊಂಟಪಟ್ಟಿ, ತಾಳ, ಮೇಲುವಸ್ತ್ರ. ತರಗತಿಯ ಹಿಂಬದಿಯ ಮೇಜಿನ ಮೇಲೆ ಅವುಗಳ ಮಾರಾಟ. ಪಾಠಕ್ಕಿಂತ ಆ ಮೇಜಿನಿಂದಲೇ ಪ್ರವಾಸ ಗಿಟ್ಟುವ ಸಂದರ್ಭಗಳೂ ಉಂಟು.

ಹೆತ್ತವರು ಗಮನಿಸಬೇಕಾದ್ದು ಇಲ್ಲೇ. ಪಾಠ ಹೇಳಲು ಹೋಗುವುದು ಬೇರೆ, ಹೋಟೆಲು ನೈಟ್‌ಕ್ಲಬ್ಬುಗಳ ತಿಂಗಳುಗಟ್ಟಲೆಯ ಒಪ್ಪಂದಕ್ಕೆ ಸಹಿ ಹಾಕಿ ಹೋಗುವುದು ಬೇರೆ. ಮೊದಲನೆಯದರಲ್ಲಿ ಆಹ್ವಾನಿಸುವವರು ಬಹುಮಟ್ಟಿಗೆ ತಾವೇ ನೃತ್ಯ ಕಲಿತ ಹೆಂಗಸರು. ಎರಡನೆಯದರಲ್ಲಿ ನಡುವೆ ದಲ್ಲಾಳಿಯಿರುತ್ತಾನೆ. ಪಾಸ್‌ಪೋರ್ಟ್ ತನ್ನ ಬಳಿಯಿರಲಿ ಎನ್ನುವ ಮಾಲೀಕನೂ ಇರಬಹುದು. ಪಾಸ್‌ಪೋರ್ಟ್ ಕೇಳಿದ ಕ್ಷಣವೇ ಮಾತು ಮುರಿಯುವುದು ಕ್ಷೇಮ. ಪ್ರವಾಸಿ ವೀಸಾದಲ್ಲಿ ಹೋಗಿ ಸಂಭಾವನೆ ಪಡೆದು ಕುಣಿಯುವುದು ಹೆಚ್ಚಿನ ದೇಶಗಳಲ್ಲಿ ಅಪರಾಧ. ಮರಳುವ ಟಿಕೆಟ್ ಯಾರ ಹೆಸರಿನಲ್ಲಿದೆ, ಕಾಲು ಉಳುಕಿದರೆ ಆಸ್ಪತ್ರೆಯ ಖರ್ಚು ಯಾರದು ಎಂಬುದನ್ನು ಸಂಕೋಚವಿಲ್ಲದೆ ಬರಹದಲ್ಲಿ ಪಡೆಯಬೇಕು. ಕಲೆಗೆ ಲೆಕ್ಕವೇಕೆ ಎನ್ನುವವರ ಬಳಿ ಸಾಮಾನ್ಯವಾಗಿ ಲೆಕ್ಕ ಸರಿಯಿರುವುದಿಲ್ಲ.

ಕಲಿಯುವವರು ಯಾರು, ಕಲಿಸುವವರು ಯಾರು?

ಈ ಪಯಣ ಈಚೆಗೆ ಎರಡೂ ದಿಕ್ಕಿನಲ್ಲಿ ಸಾಗುತ್ತಿದೆ. ರೆದಾ ತಂಡದಲ್ಲಿ ಬೆಳೆದ ರಕಿಯಾ ಹಸನ್ 2000ದಲ್ಲಿ ಕೈರೋದಲ್ಲೇ ‘ಅಹ್ಲನ್ ವ ಸಹ್ಲನ್’ ಎಂಬ ಉತ್ಸವ ಆರಂಭಿಸಿದರು. ಸುಸ್ವಾಗತ ಎಂದು ಅರ್ಥ. ಪಿರಮಿಡ್ಡುಗಳ ನೆರಳಿನ ಮೆನಾ ಹೌಸ್ ಹೋಟೆಲಿನಲ್ಲಿ ಅದು ನಡೆಯುತ್ತಿದ್ದಾಗ ಆ ಹೋಟೆಲನ್ನು ನಡೆಸುತ್ತಿದ್ದವರು ನಮ್ಮ ಒಬೆರಾಯ್ ಸಮೂಹದವರು. ಗುರುಗಳನ್ನು ಕರೆಸಿಕೊಳ್ಳುತ್ತಿದ್ದ ಊರುಗಳವರು ಈಗ ತಾವೇ ಹುಡುಕಿಕೊಂಡು ಬರತೊಡಗಿದರು. ರಷ್ಯಾ, ಉಕ್ರೇನ್, ದಕ್ಷಿಣ ಅಮೆರಿಕದಿಂದ ಬಂದ ಕೆಲವರು ಅಲ್ಲೇ ಉಳಿದು ಕೈರೋದ ಮದುವೆಗಳಲ್ಲಿ, ನೈಲ್ ನದಿಯ ದೋಣಿಗಳಲ್ಲಿ ಕುಣಿಯಲು ಆರಂಭಿಸಿದರು.

ಆಗ ಹುಟ್ಟಿಕೊಂಡಿತು ಜಗಳ. 2003ರಲ್ಲಿ ಈಜಿಪ್ಟ್ ಸರ್ಕಾರ ವಿದೇಶಿ ನರ್ತಕಿಯರಿಗೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ನಮ್ಮವರ ಅನ್ನ ಕಸಿಯುತ್ತಿದ್ದಾರೆ ಎಂಬ ಕೂಗು. ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. 2004ರಲ್ಲಿ ನಿಷೇಧ ಹಿಂತೆಗೆಯಲಾಯಿತು. ಆದರೆ ಕಾವಲು ಸಡಿಲವಾಗಿಲ್ಲ. ಬರಿಹೊಟ್ಟೆ ಕಾಣಬಾರದು, ತೆಳು ಬಲೆಯಾದರೂ ಮುಚ್ಚಿರಬೇಕೆಂಬ ನಿಯಮ 1950ರ ದಶಕದಿಂದಲೂ ಇದೆ. 2018ರಲ್ಲಿ ನೈಲ್ ದೋಣಿಯೊಂದರಲ್ಲಿ ಕುಣಿಯುತ್ತಿದ್ದ ರಷ್ಯಾದ ನರ್ತಕಿಯೊಬ್ಬರನ್ನು ಪೋಷಾಕಿನ ಕಾರಣಕ್ಕೆ, ಪರವಾನಗಿಯ ಕಾರಣಕ್ಕೆ ಪೊಲೀಸರು ಹಿಡಿದೊಯ್ದಿದ್ದರು.

ತಮಾಷೆಯೆಂದರೆ, ಅನ್ನ ಕಸಿಯಲು ಅಲ್ಲಿ ಸಾಲುಗಟ್ಟಿ ನಿಂತ ಸ್ವದೇಶಿ ಹುಡುಗಿಯರೇನೂ ಇರಲಿಲ್ಲ. ಮದುವೆಗೆ ನರ್ತಕಿ ಬೇಕು, ಸೊಸೆಯಾಗಿ ಬೇಡ ಎಂಬ ಮನೆಗಳೇ ಇಂದಿಗೂ ಹೆಚ್ಚು. ಈಜಿಪ್ಟಿನ ಹೆಸರಾಂತ ನರ್ತಕಿ ದೀನಾ ತತ್ವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಆ ಪದವಿಯ ಬಗ್ಗೆ ಯಾರೂ ಕೇಳುವುದಿಲ್ಲ. ಪೋಷಾಕಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಬ್ಯಾಲೆ ಕಲಿತು ಈ ನೃತ್ಯಕ್ಕೆ ಬಂದ ಎಮಿ ಸುಲ್ತಾನ್ ಎಂಬ ನರ್ತಕಿ 2022ರಲ್ಲಿ ಕೈರೋದಲ್ಲಿ ‘ತಕ್ಸೀಮ್’ ಎಂಬ ಸಂಸ್ಥೆ ತೆರೆದು, ಈಜಿಪ್ಟಿನ ಹುಡುಗಿಯರಿಗೆ ಹೆಜ್ಜೆಯ ಜೊತೆಗೆ ಅದರ ಇತಿಹಾಸವನ್ನೂ ಕಲಿಸಲು ಹೊರಟಿದ್ದಾರೆ. ಯುನೆಸ್ಕೋದ ಪರಂಪರೆಯ ಪಟ್ಟಿಗೆ ಈ ನೃತ್ಯವೂ ಸೇರಬೇಕೆಂಬುದು ಅವರ ಹಟ.

2020ರಲ್ಲಿ ಕೊರೊನಾ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿದಾಗ ಅಲೆಮಾರಿ ಗುರುಗಳೂ ಮನೆ ಸೇರಿ ಕಂಪ್ಯೂಟರ್ ಪರದೆಯ ಮುಂದೆ ಪಾಠ ಹೇಳಬೇಕಾಯಿತು. ಆ ವರ್ಷದ ಜುಲೈ 10ರಂದು ಮಹಮೂದ್ ರೆದಾ ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಫರೀದಾ ಏನಾದರು? ಕಾಲು ಶತಮಾನದಷ್ಟು ಕಾಲ ವೇದಿಕೆಯ ಮೇಲಿದ್ದು ಇಳಿದ ಮೇಲೆ ಅವರು ಮತ್ತೆ ವಿದ್ಯಾರ್ಥಿನಿಯಾದರು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ, ಜನಾಂಗಗಳ ನೃತ್ಯವನ್ನು ಅಭ್ಯಸಿಸುವ ವಿಭಾಗದಲ್ಲಿ ತಮಗಿಂತ ಎಷ್ಟೋ ಕಿರಿಯರ ಪಕ್ಕದಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡರು. 1987ರಲ್ಲಿ ಎಂ.ಎ. ಪದವಿ ಬಂದಾಗ ಪ್ರಾಧ್ಯಾಪಕ ಫಹ್ಮಿಯವರ ಮಗಳಿಗೆ ನಲವತ್ತೈದು ದಾಟಿತ್ತು. ಪ್ರಬಂಧದ ವಿಷಯ, ಮಹಮೂದ್ ರೆದಾ ಅವರ ನೃತ್ಯ ಸಂಯೋಜನೆ. ಅದಾದ ಮೇಲೆ ಅವರೂ ಪೆಟ್ಟಿಗೆ ಹಿಡಿದು ಊರೂರಿಗೆ ಪಾಠ ಹೇಳಲು ಹೊರಟರು.